ನಲ್ಲಿ ಜುಮ್ಮೆಂದರೆ ಗೀಸರ್ ಮುಟ್ಟಬೇಡಿ

ಗೀಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ, ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಬರೆದಿದ್ದೀರಿ. ನನಗೆ ಹೆಚ್ಚು ಆತಂಕ ತಂದದ್ದು ಆ ಜುಮ್ಮು. ಎಲ್ಲೋ ಕರೆಂಟ್ ಸೋರುತ್ತಿದೆ, ಅರ್ಥಿಂಗ್ ಅದನ್ನು ಭೂಮಿಗೆ ಇಳಿಸುತ್ತಿಲ್ಲ. ಮೇನ್ ಆರಿಸಿ, ಗೀಸರ್ ಪ್ಲಗ್ ಇವತ್ತೇ ಕಿತ್ತಿಡಿ. ಸದ್ಯಕ್ಕೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

2,000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಲೈಟು, ಫ್ಯಾನಿಗೆಂದು ಹಾಕಿದ ಹಳೆಯ ವೈರು, 6 ಆಂಪಿಯರ್ ಸಾಕೆಟ್ ಅದನ್ನು ತಾಳುವುದಿಲ್ಲ. ಪದೇಪದೇ ಹೋಗುತ್ತದೆಂದು ಫ್ಯೂಸಿಗೆ ದಪ್ಪ ತಂತಿ ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ವೈರು ಸುಡುತ್ತದೆ. ದಯವಿಟ್ಟು ಅದೊಂದು ಮಾಡಬೇಡಿ.

ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಗೀಸರಿಗೆ ಪ್ರತ್ಯೇಕ ಲೈನ್, 16 ಆಂಪಿಯರ್ ಸಾಕೆಟ್ ಬೇಕು. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಸೋರಿಕೆ ಕಂಡ ಕ್ಷಣವೇ ಅದು ಕರೆಂಟ್ ಕಡಿಯುತ್ತದೆ.

ಬಾಡಿಗೆ ಮನೆಯಾದ್ದರಿಂದ ಖರ್ಚು ಮಾಲೀಕರದ್ದೇ ಆಗಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ವೈರಿಂಗ್ ದುರಸ್ತಿಯನ್ನು ಅವರ ಹೊಣೆಯೆಂದೇ ಪಟ್ಟಿ ಮಾಡಿದೆ. ಬಾಯಿಮಾತು ಸಾಲದು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿ, ಫೋಟೊ ಅವರಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿ.

ಗೀಸರ್ ಕಿತ್ತ ಮೇಲೂ ನಲ್ಲಿ ಜುಮ್ಮೆಂದರೆ ಮೇನ್ ಆರಿಸಿಯೇ ಇಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ.