ಮನೆ, ಕಚೇರಿ ಎರಡಕ್ಕೂ ಒಂದೇ ಪ್ಲಾನರ್

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಡೈರಿಗಳ ರಾಶಿ ಬೀಳುತ್ತದೆ. ಒಂದು ಕಾಲದಲ್ಲಿ ಎಷ್ಟೋ ಮನೆಗಳು ಡೈರಿಗೆ ಕಾಸು ಬಿಚ್ಚುತ್ತಲೇ ಇರಲಿಲ್ಲ. ಬ್ಯಾಂಕಿನವರೋ ವಿಮಾ ಏಜೆಂಟರೋ ಕೊಡುತ್ತಿದ್ದರು. ಸಚಿವಾಲಯಗಳು, ಸಾರ್ವಜನಿಕ ಉದ್ದಿಮೆಗಳು, ಸರ್ಕಾರಿ ಬ್ಯಾಂಕುಗಳು ಇನ್ನು ಮುಂದೆ ಕ್ಯಾಲೆಂಡರ್, ಡೈರಿ ಮುದ್ರಿಸಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ 2020ರ ಸೆಪ್ಟೆಂಬರ್‌ನಲ್ಲಿ ಸೂಚಿಸಿದಾಗ ಆ ಕಡೆಯ ಬಿಟ್ಟಿ ಡೈರಿಗೆ ಕತ್ತರಿ ಬಿತ್ತು.

ಕೊಂಡದ್ದಾಗಲಿ, ಬಿಟ್ಟಿ ಸಿಕ್ಕಿದ್ದಾಗಲಿ, ಬಹುಪಾಲು ಡೈರಿಗಳ ಹಣೆಬರಹ ಒಂದೇ. ಸಂಕ್ರಾಂತಿಯವರೆಗೆ ದುಂಡಗಿನ ಅಕ್ಷರ, ಶಿವರಾತ್ರಿ ಹೊತ್ತಿಗೆ ಖಾಲಿ ಪುಟ, ಆಮೇಲೆ ಹಾಲಿನ ಲೆಕ್ಕ. ಇದಕ್ಕೆ ಸೋಮಾರಿತನವನ್ನು ದೂರಿ ಫಲವಿಲ್ಲ. ದಿನಕ್ಕೊಂದು ಪುಟ ಕೊಡುವ ಡೈರಿ ನಡೆದದ್ದನ್ನು ಬರೆದಿಡಲು ಅನುಕೂಲ. ಬರಲಿರುವ ವಾರವನ್ನು ಒಂದೇ ನೋಟಕ್ಕೆ ತೋರಿಸಲು ಅದಕ್ಕೆ ಬರುವುದಿಲ್ಲ. ಆ ಕೆಲಸಕ್ಕೆ ಪ್ಲಾನರ್ ಬೇಕು. ಅದನ್ನು ಒಂದು ಸಾದಾ ನೋಟ್‌ಬುಕ್ಕಿನಲ್ಲೇ ಮಾಡಿಕೊಳ್ಳಬಹುದು.

ಮೊದಲು ಪುಸ್ತಕ

ಎ5 ಅಳತೆಯ, ಅಂದರೆ 148 x 210 ಮಿಲಿಮೀಟರಿನ ಪುಸ್ತಕ ಕೈಚೀಲದಲ್ಲೂ ಹಿಡಿಯುತ್ತದೆ, ಬರೆಯಲು ಜಾಗವೂ ಸಾಕಾಗುತ್ತದೆ. ಕಾಗದ 80 ಜಿಎಸ್‌ಎಂ ಇದ್ದರೆ ಬಾಲ್‌ಪೆನ್ನು, ಜೆಲ್ ಪೆನ್ನಿಗೆ ತೊಂದರೆಯಿಲ್ಲ. ಇಂಕ್‌ ಪೆನ್ನಿನವರು ಇನ್ನೂ ದಪ್ಪನೆಯದನ್ನು ನೋಡಬೇಕು. ವಾರಕ್ಕೆ ಎರಡು ಪುಟದಂತೆ 52 ವಾರಕ್ಕೆ 104, ತಿಂಗಳಿಗೆ ಎರಡರಂತೆ 24, ಇಡೀ ವರ್ಷದ ನೋಟಕ್ಕೆ 4. ಒಟ್ಟು 132 ಪುಟ. ಇನ್ನೂರು ಪುಟದ ಪುಸ್ತಕದಲ್ಲಿ ಪಟ್ಟಿಗಳಿಗೆಂದು 68 ಪುಟ ಉಳಿಯುತ್ತದೆ. ತಾರೀಕು ಅಚ್ಚಾಗಿರದ ಪುಸ್ತಕವಾದರೆ ಜನವರಿಗೇ ಕಾಯಬೇಕಿಲ್ಲ. ಸ್ಟಿಕ್ಕರು, ಬಣ್ಣದ ಟೇಪು, ಹನ್ನೆರಡು ಬಣ್ಣದ ಪೆನ್ನುಗಳ ಸೆಟ್ಟು ಸದ್ಯಕ್ಕೆ ಬೇಡ. ಅಲಂಕಾರ ಮಾಡುವುದರಲ್ಲೇ ಉತ್ಸಾಹ ಮುಗಿದುಹೋದ ಪ್ಲಾನರ್‌ಗಳಿಗೆ ಲೆಕ್ಕವಿಲ್ಲ.

ಕಚೇರಿಗೊಂದು, ಮನೆಗೊಂದು ಎಂದು ಎರಡು ಪುಸ್ತಕ ಮಾಡುವುದಂತೂ ಬೇಡವೇ ಬೇಡ. ಶಿವಮೊಗ್ಗದ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಗುರುವಾರ ಬೆಳಿಗ್ಗೆ ಕಿರುಪರೀಕ್ಷೆಯ ಅಂಕಗಳನ್ನು ಒಪ್ಪಿಸಬೇಕು, ಆದ್ದರಿಂದ ಬುಧವಾರ ಸಂಜೆ ಪೇಪರ್ ತಿದ್ದಬೇಕು ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಅದೇ ಬುಧವಾರ ಸಂಜೆ ಅತ್ತೆಯವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕೆಂದು ಅಡುಗೆಮನೆಯ ಕ್ಯಾಲೆಂಡರ್ ಹೇಳುತ್ತದೆ. ಎರಡೂ ಸರಿಯೇ, ಆದರೆ ಇವು ಒಂದಕ್ಕೊಂದು ಅಡ್ಡ ಬರುತ್ತವೆಂದು ಗೊತ್ತಾಗುವುದು ಬುಧವಾರ ಶಾಲೆಯ ಗಂಟೆ ಹೊಡೆದ ಮೇಲೆ. ಒಂದೇ ಪುಟದಲ್ಲಿದ್ದಿದ್ದರೆ ಭಾನುವಾರವೇ ಕಣ್ಣಿಗೆ ಬಿದ್ದು, ಪೇಪರ್ ತಿದ್ದುವ ಕೆಲಸ ಮಂಗಳವಾರಕ್ಕೆ ಬರುತ್ತಿತ್ತು.

ವರ್ಷದ ಪುಟ: ಹಿಂದಕ್ಕೆ ಎಣಿಸಿ

ಕನ್ನಡಿಗರ ಮನೆಯಲ್ಲಿ ಏಕಕಾಲಕ್ಕೆ ನಾಲ್ಕು ವರ್ಷಗಳು ಓಡುತ್ತಿರುತ್ತವೆ. ಗೋಡೆಯ ಕ್ಯಾಲೆಂಡರಿನ ವರ್ಷ ಜನವರಿಗೆ, ತೆರಿಗೆಯ ವರ್ಷ ಏಪ್ರಿಲ್‌ಗೆ, ಶಾಲೆಯ ವರ್ಷ ಜೂನ್ ಆಸುಪಾಸಿಗೆ, ಪಂಚಾಂಗದ ವರ್ಷ ಯುಗಾದಿಗೆ ಶುರು. ಮೊದಲ ನಾಲ್ಕು ಪುಟಗಳಲ್ಲಿ ಈ ನಾಲ್ಕನ್ನೂ ಕೂಡಿಸಬೇಕು. ಒಂಟಿಕೊಪ್ಪಲ್ ಪಂಚಾಂಗವನ್ನೋ ಮನೆಯಲ್ಲಿರುವ ಇನ್ನೊಂದನ್ನೋ ಪಕ್ಕಕ್ಕಿಟ್ಟುಕೊಂಡು ಹಬ್ಬ, ತಿಥಿ, ಶ್ರಾದ್ಧಗಳ ತಾರೀಕು ಬರೆಯಿರಿ. ಶಾಲೆಯ ಪರೀಕ್ಷೆ, ದಸರಾ ರಜೆ, ಸಂಬಳದಾರರು ಸಾಮಾನ್ಯವಾಗಿ ಜುಲೈ 31ರೊಳಗೆ ಸಲ್ಲಿಸಬೇಕಾದ ಆದಾಯ ತೆರಿಗೆ ವಿವರ, ವಾಹನ ವಿಮೆ ಮುಗಿಯುವ ದಿನ, ಇವೆಲ್ಲ ಇಲ್ಲಿಗೇ. ಎರಡನೇ ಮತ್ತು ನಾಲ್ಕನೇ ಶನಿವಾರಗಳಿಗೂ ಗುರುತು ಹಾಕಿಡಿ, ಅಂದು ಬ್ಯಾಂಕ್ ಬಾಗಿಲು ತೆರೆಯುವುದಿಲ್ಲ.

ಪ್ಲಾನರ್ ನಿಜವಾಗಿ ಸಂಬಳ ದುಡಿಯುವುದು ಇದರ ಮುಂದಿನ ಹಂತದಲ್ಲಿ. ದಿನವೊಂದನ್ನು ಬರೆದು ಸುಮ್ಮನಾಗದೆ, ಅದಕ್ಕೆ ತಯಾರಿ ಯಾವತ್ತು ಶುರುವಾಗಬೇಕೆಂದು ಹಿಂದಕ್ಕೆ ಎಣಿಸಿ ಆ ದಿನವನ್ನೂ ಬರೆಯಬೇಕು. ರೈಲ್ವೆ ಮುಂಗಡ ಬುಕಿಂಗ್‌ನ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಕ್ಕಿಳಿದಿದೆ. ನವೆಂಬರ್ 6ಕ್ಕೆ ಹಬ್ಬಕ್ಕೆಂದು ಊರಿಗೆ ಹೊರಡುವುದಾದರೆ ಪ್ಲಾನರ್‌ನಲ್ಲಿ ಇರಬೇಕಾದ ಮುಖ್ಯ ತಾರೀಕು ಸೆಪ್ಟೆಂಬರ್ 7, ಬೆಳಿಗ್ಗೆ 8 ಗಂಟೆ. ಪಾಸ್‌ಪೋರ್ಟಿನದೂ ಇದೇ ಕಥೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ಎಷ್ಟೋ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲೇಬೇಕು ಎನ್ನುತ್ತವೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ದುಬೈಗೋ ಹೊರಡುವ ತಾಯಂದಿರು ಮುಕ್ತಾಯದ ದಿನವನ್ನಷ್ಟೇ ನೆನಪಿಟ್ಟುಕೊಂಡರೆ ಸಾಲದು.

ತಿಂಗಳಿನಿಂದ ವಾರಕ್ಕೆ

ತಿಂಗಳ ಎಡಪುಟದಲ್ಲಿ 1ರಿಂದ 31ರವರೆಗೆ ಸಾಲಾಗಿ ತಾರೀಕು, ಎದುರಿಗೆ ಒಂದೊಂದು ಸಾಲು. ಬಲಪುಟದಲ್ಲಿ ಆ ತಿಂಗಳು ಆಗಲೇಬೇಕಾದ ಕೆಲಸಗಳು. ನ್ಯೂಯಾರ್ಕಿನ ವಿನ್ಯಾಸಕಾರ ರೈಡರ್ ಕ್ಯಾರೊಲ್ 2013ರಲ್ಲಿ ಜಗತ್ತಿಗೆ ಪರಿಚಯಿಸಿದ ‘ಬುಲೆಟ್ ಜರ್ನಲ್’ ಪದ್ಧತಿಯಲ್ಲೂ ತಿಂಗಳ ಪುಟ ಹೀಗೇ ಇದೆ. ಬಾಲ್ಯದಿಂದಲೂ ಗಮನ ನಿಲ್ಲದ ತೊಂದರೆಯಿದ್ದ ಆತ ತನಗಾಗಿ ಕಟ್ಟಿಕೊಂಡ ವ್ಯವಸ್ಥೆ ಅದು. ಮಾಡಬೇಕಾದ ಕೆಲಸಕ್ಕೆ ಚುಕ್ಕೆ, ಮುಗಿದರೆ ಅದರ ಮೇಲೇ ಗುಣಾಕಾರ ಚಿಹ್ನೆ, ಮುಂದಕ್ಕೆ ಹೋದರೆ ಬಾಣದ ಗುರುತು. ಈ ಮೂರು ಗುರುತು ಸಾಕು.

ವಾರದ ಎಡಪುಟದಲ್ಲಿ ಏಳು ದಿನಗಳಿಗೆ ಏಳು ಮನೆ. ಬಲಪುಟಕ್ಕೆ ನಡುವೆ ಒಂದು ಗೆರೆ ಎಳೆದರೆ ಮೇಲರ್ಧ ಕಚೇರಿಯ ಕೆಲಸಕ್ಕೆ, ಕೆಳಗರ್ಧ ಮನೆಯ ಕೆಲಸಕ್ಕೆ. ಹೊತ್ತು ಗೊತ್ತಾಗಿರುವುದನ್ನು ಮೊದಲು ಎಡಕ್ಕೆ ಬರೆಯಿರಿ: ಕಚೇರಿಯ ಮೀಟಿಂಗ್, ಮಗನ ಸಂಗೀತ ಪಾಠ, ನೀರು ಬಿಡುವ ದಿನ. ಉಳಿದ ಸಂದಿಗೊಂದಿಯಲ್ಲಿ ಮಾತ್ರ ಬಲಪುಟದ ಕೆಲಸಗಳಿಗೆ ಜಾಗ.

ಆ ಜಾಗಕ್ಕೆ ಎಷ್ಟು ಕೆಲಸ ತುಂಬಬಹುದು ಎಂಬ ಅಂದಾಜಿನಲ್ಲಿ ಎಲ್ಲರೂ ಎಡವುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ ಈ ದೌರ್ಬಲ್ಯವನ್ನು 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆ ಎಂದಿದ್ದರು, ಹಿಡಿದದ್ದು 55.5 ದಿನ. ಆದ್ದರಿಂದ ಒಂದು ಗಂಟೆಯ ಕೆಲಸ ಎನಿಸಿದರೆ ಒಂದೂವರೆ ಗಂಟೆ ಎತ್ತಿಡುವುದೇ ಕ್ಷೇಮ. ದಿನಕ್ಕೆ ಮೂರು ಮುಖ್ಯ ಕೆಲಸಗಳ ಮೇಲೆ ಬರೆಯದಿದ್ದರೆ ನಾಲ್ಕನೆಯದು ಬಂದಾಗ ಅದಕ್ಕೂ ಜಾಗವಿರುತ್ತದೆ. ನಮ್ಮ ಮನೆಗಳಲ್ಲಿ ನಾಲ್ಕನೆಯದು ಬಂದೇ ಬರುತ್ತದೆ, ಎಷ್ಟೋ ಸಲ ನೆಂಟರ ರೂಪದಲ್ಲಿ.

ಕೆಲಸವನ್ನು ಹೇಗೆ ಬರೆಯುತ್ತೀರಿ ಎನ್ನುವುದೂ ಮುಖ್ಯ. ‘ಬಾತ್‌ರೂಂ ರಿಪೇರಿ’ ಎಂಬ ಸಾಲು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ‘ಶನಿವಾರ 10ಕ್ಕೆ, ಸೋರುವ ನಲ್ಲಿ ಬಗ್ಗೆ ಪ್ಲಂಬರ್‌ಗೆ ಫೋನ್’ ಎಂದು ಬರೆದರೆ ಅದು ಐದು ನಿಮಿಷದ ಕೆಲಸ. ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ತಲೆ ತಿನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತ ಯೋಜನೆ ಹಾಕಿಕೊಂಡರೆ, ಕೆಲಸ ಇನ್ನೂ ಆಗದಿದ್ದರೂ ಆ ಕಾಟ ತಗ್ಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ 2011ರ ತಮ್ಮ ಪ್ರಯೋಗಗಳಲ್ಲಿ ಕಂಡರು.

ಭಾನುವಾರದ ಅರ್ಧ ಗಂಟೆ

ಇಷ್ಟೆಲ್ಲ ಮಾಡಿಯೂ ವಾರಕ್ಕೊಮ್ಮೆ ಕೂತು ನೋಡದಿದ್ದರೆ ಪುಸ್ತಕ ಮತ್ತೆ ಹಾಲಿನ ಲೆಕ್ಕಕ್ಕೇ ಹೋಗುತ್ತದೆ. ಭಾನುವಾರ ಸಂಜೆ ಕಾಫಿ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಪುಸ್ತಕ ತೆರೆಯಲಿ. ಮಕ್ಕಳು ಇದ್ದರೆ ಇನ್ನೂ ಒಳ್ಳೆಯದು. ಪ್ರಾಜೆಕ್ಟ್‌ಗೆ ಥರ್ಮಾಕೋಲ್ ಬೇಕು ಎಂಬ ಸುದ್ದಿ ರಾತ್ರಿ ಹತ್ತು ಗಂಟೆಗೆ ಬರುವುದು ತಪ್ಪುತ್ತದೆ. ಮುಗಿಯದ ಕೆಲಸವನ್ನು ಹೊಸ ವಾರಕ್ಕೆ ಕೈಯಾರೆ ಮತ್ತೆ ಬರೆಯಬೇಕು. ಈ ಬೇಸರದ ಕೆಲಸಕ್ಕೂ ಅರ್ಥವಿದೆ: ಮತ್ತೆ ಬರೆಯುವಷ್ಟು ಬೆಲೆ ಇದಕ್ಕಿದೆಯೇ ಎಂದು ಕೈಯೇ ಕೇಳುತ್ತದೆ. ಮೂರು ವಾರ ಮುಂದಕ್ಕೆ ಹೋದ ಕೆಲಸವನ್ನು ಒಂದೋ ನಾಳೆ ಬೆಳಿಗ್ಗೆಯೇ ಮಾಡಿ, ಇಲ್ಲವೇ ಹೊಡೆದುಹಾಕಿ. ನಡುವೆ ಎರಡು ವಾರ ಖಾಲಿ ಬಿದ್ದರೆ ಹಿಂದಿನದನ್ನು ತುಂಬಿಸಲು ಹೋಗದೆ ಇಂದಿನ ವಾರದಿಂದ ಮುಂದುವರಿಸುವುದು ಲೇಸು.

ಕಾಗದಕ್ಕೆ ಕೂಗಲು ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು, ನಸುಕಿನ ಬಸ್ಸು, ಆನ್‌ಲೈನ್ ಮೀಟಿಂಗ್‌ನಂಥವಕ್ಕೆ ಮೊಬೈಲಿನ ಅಲಾರಂ ಇರಲಿ. ಕಳೆದುಹೋದ ಪುಸ್ತಕಕ್ಕೆ ಬ್ಯಾಕಪ್ಪೂ ಇರುವುದಿಲ್ಲ, ಹಾಗಾಗಿ ವರ್ಷದ ಮತ್ತು ತಿಂಗಳ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ. ಎಟಿಎಂ ಪಿನ್, ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಸಂಖ್ಯೆಯನ್ನು ಮಾತ್ರ ಯಾವ ಪುಟದಲ್ಲೂ ಬರೆಯಬೇಡಿ.