ಮಂಡಿಚಿಪ್ಪು: ಒಂದು ಪದ, ಒಂದು ಎಚ್ಚರಿಕೆ

ಅರಳಗುಪ್ಪೆಯ ತೆಂಗಿನ ಸೀಮೆಯವರಾದ ನಾವು ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವನ್ನೂ ಮೊಣಕಾಲಿನ ಮುಂದಿನ ಮೂಳೆಯನ್ನೂ ‘ಚಿಪ್ಪು’ ಎಂದೇ ಕರೆಯುತ್ತೇವೆ. ಈ ಮೂಳೆಗೆ ವೈದ್ಯಶಾಸ್ತ್ರದಲ್ಲಿ ‘ಪಟೆಲ್ಲಾ’ ಎಂಬ ಹೆಸರುಂಟು. ಇದು ಲ್ಯಾಟಿನ್ ನಾಮಪದ. ಅಗಲವಾದ ಪಾತ್ರೆ ಎಂಬ ಅರ್ಥದ ‘ಪಟಿನಾ’ ಶಬ್ದಕ್ಕೆ ಅಲ್ಪಾರ್ಥಕ ಪ್ರತ್ಯಯ ಸೇರಿ ಹುಟ್ಟಿದ್ದು. ಅರ್ಥ, ಪುಟ್ಟ ತಟ್ಟೆ. ಲಿಂಗ ಸ್ತ್ರೀಲಿಂಗ, ಬಹುವಚನ ‘ಪಟೆಲ್ಲೆ’. ಎರಡು ನುಡಿಗಳೂ ಆಕಾರವನ್ನು ನೋಡಿಯೇ ಹೆಸರಿಟ್ಟಿವೆ.

ಹೆಸರು ತಟ್ಟೆಯದಾದರೂ ಕೆಲಸ ಸನ್ನೆಗೋಲಿನದು. ತೊಡೆಯ ಮುಂಭಾಗದ ಸ್ನಾಯುರಜ್ಜುವಿನಲ್ಲಿ ನೆಲೆಸಿ, ಕಾಲನ್ನು ನೀಡುವ ಬಲವನ್ನು ಇದು ಹೆಚ್ಚಿಸುತ್ತದೆ. ಮರದಿಂದ ಬಿದ್ದವರಿಗೆ ಮಂಡಿ ಊದಿಕೊಂಡು, ಕಾಲನ್ನು ನೇರವಾಗಿ ಎತ್ತಲಾಗದಿದ್ದರೆ ಚಿಪ್ಪು ಮುರಿದಿರಬಹುದು. ಆಗ ಎಣ್ಣೆ ಹಚ್ಚಿ ನೀವಿಸದೆ, ಕಾಲನ್ನು ಅಲುಗಿಸದೆ, ಮೂಳೆವೈದ್ಯರಲ್ಲಿಗೆ ಕರೆದೊಯ್ಯೋಣ.