ಮರಣಶಯ್ಯೆಯ ಬಳಿಯಲ್ಲಿ
(ಓದತಕ್ಕ ಭಾಗ: ಯೋಬ 2:11-13)

ಯೋಬನ ಮೂವರು ಸ್ನೇಹಿತರನ್ನು ನಾವು ಸುಲಭವಾಗಿ ನಿಂದಿಸುತ್ತೇವೆ. ಆದರೆ ಅವರು ಮೊದಲು ಮಾಡಿದ್ದನ್ನು ಗಮನಿಸಿರಿ. ಹತ್ತು ಮಂದಿ ಮಕ್ಕಳನ್ನು ಕಳಕೊಂಡು ಬೂದಿಯಲ್ಲಿ ಕೂತಿದ್ದ ಯೋಬನ ಬಳಿಗೆ ಎಲೀಫಜ, ಬಿಲ್ದದ, ಚೋಫರ ಎಂಬವರು ದೂರದಿಂದ ಬಂದು, ಅವನ ಅವಸ್ಥೆಯನ್ನು ಕಂಡು ಅತ್ತು, 7 ದಿನ ಹಗಲಿರುಳು ಅವನ ಸಂಗಡ ನೆಲದ ಮೇಲೆ ಮೌನವಾಗಿ ಕೂತರು. ಅವರ ತಪ್ಪು ಬಂದದ್ದರಲ್ಲಿ ಇರಲಿಲ್ಲ, ಬಾಯಿ ತೆರೆದದ್ದರಲ್ಲಿ ಇತ್ತು.

ನಾನು ಉಪದೇಶಿಯಾದ ಹೊಸದರಲ್ಲಿ ಇದನ್ನರಿಯದೆ ಒಬ್ಬ ವೃದ್ಧ ತಾಯಿಯ ಮರಣಶಯ್ಯೆಯ ಬಳಿಗೆ ಹೋದೆನು. ವೇದಶಾಸ್ತ್ರ ಶಾಲೆಯಲ್ಲಿ ಕಲಿತದ್ದನ್ನೆಲ್ಲಾ ಹೇಳಿಬಿಡಬೇಕೆಂಬ ಆತುರ ನನಗೆ. ಪುನರುತ್ಥಾನವನ್ನು ಕುರಿತು ಉದ್ದಕ್ಕೂ ವಿವರಿಸುತ್ತಿರಲು ಆಕೆಯು ತುಟಿಗಳನ್ನು ಅಲುಗಿಸಿದಳು. ಆಮೆನ್ ಅನ್ನುತ್ತಾಳೆಂದು ತಿಳಿದು ಮುಂದುವರಿಸಿದೆನು. ಆಗ ಸೊಸೆಯು, “ಉಪದೇಶಿಗಳೇ, ಸ್ವಲ್ಪ ತಾಳಿರಿ, ಅತ್ತೆಯ ಬಾಯಿ ಒಣಗಿದೆ” ಎಂದು ಹೇಳಿ, ಒದ್ದೆ ಅರಿವೆಯಿಂದ ಆಕೆಯ ತುಟಿಗಳನ್ನು ತೇವಮಾಡಿದಳು. ಆ ಹೊತ್ತು ಆ ಮನೆಯಲ್ಲಿ ಕರ್ತನ ಸೇವೆಯನ್ನು ಮಾಡಿದವಳು ಅವಳೇ, ನಾನಲ್ಲ.

ಆದಕಾರಣ ಶರೀರದ ಆರೈಕೆಯನ್ನು ಹಗುರವಾಗಿ ಎಣಿಸಬೇಡಿರಿ. ಮರಣವು ಸಮೀಪಿಸುವಾಗ ಹಸಿವೆಯು ತಾನಾಗಿ ಕುಂದುವದು. “ಉಪವಾಸ ಕಳುಹಿಸಿದರು” ಎಂಬ ಅಪವಾದಕ್ಕೆ ಹೆದರಿ ಗಂಜಿಯನ್ನು ಬಲವಂತವಾಗಿ ಹೊಯ್ಯುವವರು ಬಹಳ. ಅದು ಶ್ವಾಸನಾಳಕ್ಕೆ ಇಳಿಯಬಹುದು. ಬಾಯಿಯನ್ನು ತೇವವಾಗಿಡಿರಿ. ಕೆಲವು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ, ಇಲ್ಲವಾದರೆ ಬೆನ್ನು ಹುಣ್ಣಾಗುವದು. ಮಾತು ನಿಂತರೂ ಕಿವಿ ಕೇಳುತ್ತಿರಬಹುದು. ಹೊಲದ ಪಾಲಿನ ಜಗಳವನ್ನು ಅಲ್ಲಿ ಎತ್ತಬೇಡಿರಿ.

ನೋವನ್ನು ಸಹಿಸುವದೇ ಭಕ್ತಿಯೆಂದು ಹೇಳಿ ಔಷಧವನ್ನು ತಡೆಯುವದು ಕ್ರೂರತನ. ದಾದಿಯಾಗಿದ್ದು ತರುವಾಯ ವೈದ್ಯಳಾದ ಸಿಸಿಲಿ ಸಾಂಡರ್ಸ್ ಎಂಬ ಕ್ರೈಸ್ತ ಸ್ತ್ರೀಯು 1967ರಲ್ಲಿ ಲಂಡನಿನಲ್ಲಿ ಮರಣಾಸನ್ನರಿಗಾಗಿ ಒಂದು ಆಲಯವನ್ನು ತೆರೆದು, ನೋವು ಏಳುವ ಮೊದಲೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಹಬ್ಬಿಸಿದಳು. ನಮ್ಮ ಬೆಂಗಳೂರಿನ ಕರುಣಾಶ್ರಯದಲ್ಲಿಯೂ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ತಕ್ಕೊಳ್ಳದೆ ನೋಡಿಕೊಳ್ಳುತ್ತಾರೆ.

ಅಳುವವರನ್ನು “ನಿಮಗೆ ನಂಬಿಕೆಯಿಲ್ಲವೋ?” ಎಂದು ಗದರಿಸುವ ಹಿರಿಯರು ಅಪೊಸ್ತಲರ ಕೃತ್ಯಗಳು 8:2ನ್ನು ಓದಲಿ. ಸ್ತೆಫನನು ತೆರೆದ ಪರಲೋಕವನ್ನು ಕಂಡವನಾಗಿ ಸತ್ತನು. ಆದರೂ ಅವನನ್ನು ಹೂಣಿಟ್ಟ ಭಕ್ತರು ಅವನಿಗಾಗಿ ಬಹು ಗೋಳಾಡಿದರು. ಅವರಿಗೆ ನಂಬಿಕೆಯಿರಲಿಲ್ಲವೆಂದು ಯಾರು ಹೇಳಾರು?

ಹೂಣಿಡುವ ದಿವಸ ಮನೆ ತುಂಬಾ ಜನ. ಮರುವಾರ ಒಬ್ಬರೂ ಇಲ್ಲ. ಆ ಮರುವಾರ ಯಾರು ಹೋಗತಕ್ಕದ್ದೆಂಬದನ್ನು ಪ್ರತಿಯೊಂದು ಸಭೆಯವರು ಈ ತಿಂಗಳ ಕೂಟದಲ್ಲಿಯೇ ಗೊತ್ತುಮಾಡಲಿ. ಹೋಗುವವರು ಬುತ್ತಿ ತಕ್ಕೊಂಡು ಹೋಗಲಿ. ಪುಸ್ತಕವನ್ನು ಆ ಮನೆಯವರು ಕೇಳಿದರೆ ತೆರೆಯಲಿ.